ಶಾಂತಿ ಒಪ್ಪಂದದ ವಾರದೊಳಗೇ ಉವಿರಾ ಬಿದ್ದದ್ದೇಕೆ? ಕಾಂಗೋ–ರುವಾಂಡಾ ಕಲಹದ ಒಳಸುಳಿ

2025ರ ಡಿಸೆಂಬರ್ 4ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಅಧ್ಯಕ್ಷ ಫೆಲಿಕ್ಸ್ ಚಿಸೆಕೆಡಿ ಮತ್ತು ರುವಾಂಡಾ ಅಧ್ಯಕ್ಷ ಪಾಲ್ ಕಗಾಮೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಪಕ್ಕದಲ್ಲಿ ನಿಂತಿದ್ದ ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ದಶಕಗಳ ಯುದ್ಧ ಕೊನೆಗೊಂಡಿತೆಂಬ ಧಾಟಿಯಲ್ಲಿ ಮಾತನಾಡಿದರು. ವಾರ ಕಳೆಯುವ ಮುನ್ನವೇ, ಡಿಸೆಂಬರ್ 10ರ ಹೊತ್ತಿಗೆ, ತುತ್ಸಿ ನಾಯಕತ್ವದ ಎಂ23 ಬಂಡುಕೋರರು ಪೂರ್ವ ಕಾಂಗೋದಲ್ಲಿ ಟಾಂಗನಿಕಾ ಸರೋವರದ ದಂಡೆಯಲ್ಲಿರುವ ಉವಿರಾ ನಗರಕ್ಕೆ ನುಗ್ಗಿದ್ದರು. ವಿಶ್ವಸಂಸ್ಥೆಯ ಲೆಕ್ಕದಂತೆ ಆ ಕೆಲವೇ ದಿನಗಳಲ್ಲಿ ಸುಮಾರು ಎರಡು ಲಕ್ಷ ಜನ ಮನೆ ತೊರೆದರು. ಹತ್ತಾರು ಸಾವಿರ ಮಂದಿ ಗಡಿ ದಾಟಿ ಬುರುಂಡಿ ಸೇರಿದರು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಇದು ಎರಡು ದೇಶಗಳ ಯುದ್ಧವೇ, ಒಂದು ದೇಶದೊಳಗಿನ ಬಂಡಾಯವೇ, ತುತ್ಸಿ–ಹುತು ಜನಾಂಗ ದ್ವೇಷವೇ, ಇಲ್ಲ ಮೊಬೈಲ್ ಫೋನಿಗೆ ಬೇಕಾದ ಖನಿಜಕ್ಕಾಗಿ ನಡೆದ ಲೂಟಿಯೇ? ನಾಲ್ಕೂ ವಿವರಣೆಗಳು ಚಾಲ್ತಿಯಲ್ಲಿವೆ, ನಾಲ್ಕರಲ್ಲೂ ಒಂದೊಂದು ಪಾಲು ಸತ್ಯವಿದೆ. ವಾಷಿಂಗ್ಟನ್ ಒಪ್ಪಂದ ಮೊದಲ ಮತ್ತು ಕೊನೆಯ ಪ್ರಶ್ನೆಗಳನ್ನಷ್ಟೇ ಕೈಗೆತ್ತಿಕೊಂಡಿದೆ. ಪೂರ್ವ ಕಾಂಗೋದ ನೆಲದಲ್ಲಿ ಯಾರು ಸ್ವಂತದವರು, ಯಾರು ಹೊರಗಿನವರು ಎಂಬ ಪ್ರಶ್ನೆ ಮಾತ್ರ ಎಲ್ಲ ಮೇಜುಗಳಿಂದಲೂ ಕೆಳಕ್ಕೆ ಜಾರುತ್ತ ಬಂದಿದೆ. ಯುದ್ಧಕ್ಕೆ ಪ್ರತಿ ಸಲ ಹೊಸ ಜೀವ ಬರುವುದು ಅಲ್ಲಿಂದಲೇ.

ಸಹಿ ಹಾಕಿದವರು ಯಾರು, ಕಾದಾಡುವವರು ಯಾರು

ಮೊದಲು ಉವಿರಾದ ಒಗಟನ್ನು ಬಿಡಿಸಿಕೊಳ್ಳೋಣ. ವಾಷಿಂಗ್ಟನ್ ಒಪ್ಪಂದ ಇಬ್ಬರು ರಾಷ್ಟ್ರಾಧ್ಯಕ್ಷರ ನಡುವಿನದು. ಎಂ23 ಅದರಲ್ಲಿ ಪಕ್ಷಗಾರನೇ ಅಲ್ಲ. ಬಂಡುಕೋರರ ಜೊತೆಗಿನ ಮಾತುಕತೆ ಕತಾರ್‌ನ ದೋಹಾದಲ್ಲಿ ಬೇರೆಯಾಗಿ ನಡೆಯುತ್ತಿದೆ. ಅಲ್ಲಿ 2025ರ ನವೆಂಬರ್ 15ರಂದು ಒಂದು ಚೌಕಟ್ಟಿಗೆ ಸಹಿ ಬಿದ್ದಿತು. ಅದರಡಿ ಬರಬೇಕಾದ ಎಂಟು ಉಪ ಒಪ್ಪಂದಗಳಲ್ಲಿ ಆ ಹೊತ್ತಿಗೆ ಆಗಿದ್ದವು ಎರಡೇ: ಕೈದಿಗಳ ವಿನಿಮಯ ಮತ್ತು ಕದನವಿರಾಮದ ಉಸ್ತುವಾರಿ.

ಹೀಗಾಗಿ ಎರಡು ಕಡೆಯವರಿಗೂ ತಪ್ಪಿಸಿಕೊಳ್ಳಲು ದಾರಿಯಿದೆ. ಉವಿರಾ ಬಗ್ಗೆ ಕೇಳಿದರೆ ರುವಾಂಡಾ ರಾಜಧಾನಿ ಕಿಗಾಲಿಯ ಉತ್ತರ, ಅದು ಎಂ23 ಮತ್ತು ಕಾಂಗೋ ರಾಜಧಾನಿ ಕಿನ್ಶಾಸಾ ನಡುವಿನ ವಿಷಯ, ದೋಹಾದಲ್ಲಿ ಕೇಳಿ. ದೋಹಾದಲ್ಲಿ ಕಿನ್ಶಾಸಾದ ನಿಲುವು, ಎಂ23 ರುವಾಂಡಾದ ಕೈಗೊಂಬೆ, ಅದರ ಸೇನೆ ವಾಪಸಾಗದೆ ಮಾತಿಲ್ಲ, ಅದನ್ನು ವಾಷಿಂಗ್ಟನ್‌ನಲ್ಲಿ ಕೇಳಿ. ಒಂದೇ ಯುದ್ಧವನ್ನು ಎರಡು ಕಡತಗಳಾಗಿ ಹಂಚಿದ್ದರ ಫಲವಿದು.

ಒಪ್ಪಂದದ ಹೆಣಿಗೆಯಲ್ಲೂ ಇದೇ ತೊಡಕಿದೆ. 2025ರ ಜೂನ್ 27ರಂದು ಎರಡೂ ದೇಶಗಳ ವಿದೇಶಾಂಗ ಸಚಿವರು ಸಹಿ ಮಾಡಿದ ಮೂಲ ಪಠ್ಯ ಹೇಳುವುದಿಷ್ಟು: ಕಾಂಗೋ ತನ್ನ ನೆಲದಲ್ಲಿರುವ ಎಫ್‌ಡಿಎಲ್‌ಆರ್ ಎಂಬ ಹುತು ಸಶಸ್ತ್ರ ಗುಂಪನ್ನು ನಿಷ್ಕ್ರಿಯಗೊಳಿಸಬೇಕು, ರುವಾಂಡಾ ತನ್ನ ‘ರಕ್ಷಣಾತ್ಮಕ ಕ್ರಮ’ಗಳನ್ನು, ಅಂದರೆ ಕಾಂಗೋ ನೆಲದಲ್ಲಿರುವ ಸೇನೆಯನ್ನು, ಹಿಂದೆಗೆದುಕೊಳ್ಳಬೇಕು. ಇದಕ್ಕೆ 90 ದಿನಗಳ ಗಡುವಿತ್ತು. ಎಫ್‌ಡಿಎಲ್‌ಆರ್ ಹೋರಾಟಗಾರರಲ್ಲಿ ಅನೇಕರು ಇರುವುದು ಎಂ23 ಹಿಡಿತದ ಪ್ರದೇಶದಲ್ಲಿ ಇಲ್ಲವೇ ಅದರ ಅಂಚಿನಲ್ಲಿ. ಅಲ್ಲಿಗೆ ಕಾಂಗೋ ಸೇನೆ ಕಾಲಿಡಲಾಗದು. ‘ನೀವು ಮೊದಲು ಅವರನ್ನು ಮಟ್ಟಹಾಕಿ, ಆಮೇಲೆ ನಾವು ಹೋಗುತ್ತೇವೆ’ ಎನ್ನುತ್ತದೆ ರುವಾಂಡಾ. ‘ನೀವು ಹೋಗದೆ ಮಟ್ಟಹಾಕುವುದು ಹೇಗೆ?’ ಎನ್ನುತ್ತದೆ ಕಾಂಗೋ. ಗಡುವು ಮುಗಿಯಿತು. ಏನೂ ಆಗಲಿಲ್ಲ.

ವಸಾಹತು ಗೆರೆಯೆಳೆದ ನೆಲ, ಬದಲಾಗುತ್ತ ಹೋದ ಪೌರತ್ವ

ಉತ್ತರ ಕಿವು ಮತ್ತು ದಕ್ಷಿಣ ಕಿವು ಪೂರ್ವ ಕಾಂಗೋದ ಎರಡು ಪ್ರಾಂತ್ಯಗಳು. ರಾಜಧಾನಿ ಕಿನ್ಶಾಸಾ ಇಲ್ಲಿಂದ ಸುಮಾರು 1,500 ಕಿಲೋಮೀಟರ್ ಆಚೆಗಿದೆ, ನೇರ ರಸ್ತೆಯಿಲ್ಲ. ಉತ್ತರ ಕಿವುವಿನ ರಾಜಧಾನಿ ಗೋಮಾ ನಗರವಾದರೋ ರುವಾಂಡಾ ಗಡಿಗೆ ಅಂಟಿಕೊಂಡೇ ಬೆಳೆದಿದೆ. ಜರ್ಮನಿ, ಬೆಲ್ಜಿಯಂ, ಬ್ರಿಟನ್ ಸೇರಿ 1910ರಲ್ಲಿ ಬ್ರಸೆಲ್ಸ್‌ನಲ್ಲಿ ಇಲ್ಲಿನ ಗಡಿ ನಿರ್ಧರಿಸಿದಾಗ, ಕಿನ್ಯಾರುವಾಂಡಾ ನುಡಿಯಾಡುವ ಜನ ಗೆರೆಯ ಎರಡೂ ಬದಿ ಇದ್ದರು. ರುತ್ಶುರು ಸೀಮೆಯವರು ಗಡಿಗಿಂತ ಹಳಬರು. ದಕ್ಷಿಣ ಕಿವುವಿನ ಎತ್ತರದ ಹುಲ್ಲುಗಾವಲುಗಳಲ್ಲಿ ದನ ಮೇಯಿಸುವ ಬನ್ಯಾಮುಲೆಂಗೆ ತುತ್ಸಿಗಳೂ ವಸಾಹತು ಆಡಳಿತಕ್ಕಿಂತ ಮೊದಲೇ ನೆಲೆ ನಿಂತವರು.

ಮೊದಲ ಮಹಾಯುದ್ಧದ ಬಳಿಕ ರುವಾಂಡಾ ಕೂಡ ಬೆಲ್ಜಿಯಂ ಕೈಗೆ ಬಂತು. 1930ರ ದಶಕದಿಂದ 1950ರ ದಶಕದವರೆಗೆ ಬೆಲ್ಜಿಯನ್ನರು ತೋಟದ ಕೂಲಿಗೆಂದು ಸಾವಿರಾರು ರುವಾಂಡನ್ ಕುಟುಂಬಗಳನ್ನು ಕರೆತಂದು ಮಸಿಸಿ ಬೆಟ್ಟಸೀಮೆಯಲ್ಲಿ ಇಳಿಸಿದರು. ಅದೇ ಅವಧಿಯಲ್ಲಿ ರುವಾಂಡಾದಲ್ಲಿ ಪ್ರತಿಯೊಬ್ಬರ ಗುರುತಿನ ಚೀಟಿಯ ಮೇಲೆ ತುತ್ಸಿ, ಹುತು, ತ್ವಾ ಎಂದು ಅಚ್ಚು ಹಾಕುವ ಪದ್ಧತಿಯನ್ನೂ ತಂದರು. ಬದುಕಿನ ಸ್ಥಿತಿಗತಿಯ ಜೊತೆ ಸ್ವಲ್ಪ ಅತ್ತಿತ್ತ ಆಗುತ್ತಿದ್ದ ಗುರುತುಗಳು ಕಾಗದದ ಮೇಲೆ ಗಟ್ಟಿಯಾದವು. 1959ರ ನಂತರ ರುವಾಂಡಾದಲ್ಲಿ ಹುತು ಬಹುಸಂಖ್ಯಾತರು ಅಧಿಕಾರಕ್ಕೇರುತ್ತಿದ್ದಂತೆ ಹಿಂಸೆಯಿಂದ ಓಡಿಬಂದ ತುತ್ಸಿ ನಿರಾಶ್ರಿತರೂ ಕಿವುಗೆ ಸೇರಿಕೊಂಡರು.

ಹೀಗೆ ಒಂದೇ ಭಾಷೆ ಆಡುವ, ಬೇರೆ ಬೇರೆ ಕಾಲದಲ್ಲಿ ಬಂದ ಮೂರು ಬಗೆಯ ಜನ ಅಲ್ಲಿದ್ದರು. ಅವರನ್ನು ಒಂದೊಂದಾಗಿ ಗುರುತಿಸುವ ವ್ಯವಧಾನ ಕಾಂಗೋದ ರಾಜಕಾರಣಕ್ಕೆ ಎಂದೂ ಇರಲಿಲ್ಲ. 1972ರಲ್ಲಿ ಸರ್ವಾಧಿಕಾರಿ ಮೊಬುಟುವಿನ ಸರ್ಕಾರ ಬಹುತೇಕ ಎಲ್ಲರಿಗೂ ಪೌರತ್ವ ಕೊಟ್ಟಿತು. 1981ರಲ್ಲಿ ಅದೇ ಸರ್ಕಾರ ಆ ಕಾನೂನನ್ನು ರದ್ದು ಮಾಡಿ, 1885ರಲ್ಲಿ ಈ ನೆಲದಲ್ಲಿದ್ದ ಬುಡಕಟ್ಟಿನ ವಂಶಸ್ಥರು ಮಾತ್ರ ಪೌರರು ಎಂದಿತು. ನೂರು ವರ್ಷ ಹಿಂದಿನ ದಾಖಲೆ ಯಾರ ಬಳಿಯೂ ಇರಲಿಲ್ಲ. ಆದರೆ ದಾಖಲೆ ತೋರಿಸಿ ಎನ್ನಿಸಿಕೊಂಡವರು ಕಿನ್ಯಾರುವಾಂಡಾ ಆಡುವವರು ಮಾತ್ರ. 2004ರ ಕಾನೂನು ಸ್ವಾತಂತ್ರ್ಯದ ವರ್ಷ 1960ನ್ನು ಗಡಿಗೆರೆಯಾಗಿ ಇಟ್ಟುಕೊಂಡಿತು. ಕಾಗದದ ಮೇಲೆ ಬಹುಮಂದಿಯ ಪ್ರಶ್ನೆ ಬಗೆಹರಿಯಿತು, ಊರಿನಲ್ಲಿ ಬಗೆಹರಿಯಲಿಲ್ಲ.

ಊರಿನಲ್ಲಿ ಬಗೆಹರಿಯದಿದ್ದಕ್ಕೆ ಕಾರಣ ಭೂಮಿ. ಕಾಂಗೋದ ಹಳ್ಳಿಗಳಲ್ಲಿ ಜಮೀನು ಹಂಚುವುದು ಸಾಂಪ್ರದಾಯಿಕ ಮುಖ್ಯಸ್ಥ; ಮುಖ್ಯಸ್ಥನಿಲ್ಲದ ಸಮುದಾಯಕ್ಕೆ ನೆಲದ ಮೇಲೆ ಹಕ್ಕಿಲ್ಲ. ವಲಸೆ ಬಂದವರಿಗೆ ತಮ್ಮದೇ ಮುಖ್ಯಸ್ಥನಿರಲಿಲ್ಲ. ಅವರಲ್ಲಿ ಹಣವಂತರು ಮೊಬುಟು ಕಾಲದಲ್ಲಿ ಸರ್ಕಾರದಿಂದಲೇ ದೊಡ್ಡ ದೊಡ್ಡ ಹಿಡುವಳಿ ಪಡೆದರು. ಉಳುತ್ತಿದ್ದ ಸ್ಥಳೀಯ ಹುಂಡೆ, ನ್ಯಾಂಗಾ ಸಮುದಾಯಗಳ ರೈತರು ಅವನ್ನು ತಮ್ಮ ಪೂರ್ವಿಕರ ನೆಲವೆಂದೇ ಕಾಣುತ್ತಿದ್ದರು. 1990ರ ದಶಕದ ಆರಂಭದಲ್ಲಿ ಬಹುಪಕ್ಷ ಚುನಾವಣೆಯ ಮಾತು ಬಂದಾಗ ಲೆಕ್ಕಾಚಾರ ಶುರುವಾಯಿತು: ಈ ಜನಕ್ಕೆ ಮತದಾನದ ಹಕ್ಕು ಸಿಕ್ಕರೆ ಮಸಿಸಿಯಲ್ಲಿ ಗೆಲ್ಲುವವರು ಅವರೇ. 1993ರಲ್ಲಿ ಹತ್ಯಾಕಾಂಡ ನಡೆದು ಸಾವಿರಾರು ಮಂದಿ ಸತ್ತರು. ರುವಾಂಡಾ ನರಮೇಧಕ್ಕಿಂತ ಒಂದು ವರ್ಷ ಮೊದಲೇ ಇದು ನಡೆದಿತ್ತೆಂಬುದನ್ನು ಗಮನಿಸಬೇಕು. ಕಿವು ಕಲಹವನ್ನು ಬರೀ ರುವಾಂಡಾದಿಂದ ಹರಿದುಬಂದ ವಿಷವೆಂದು ನೋಡುವವರು ಈ ವರ್ಷವನ್ನು ಮರೆಯುತ್ತಾರೆ.

1994: ನರಮೇಧ ಗಡಿ ದಾಟಿದಾಗ

1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ರುವಾಂಡಾದ ಹುತು ತೀವ್ರವಾದಿಗಳು ಅಂದಾಜು ಎಂಟು ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ತುತ್ಸಿಗಳು. ಕೊಲ್ಲಲು ಒಪ್ಪದ ಹುತುಗಳೂ ಇದ್ದರು. ಜಗತ್ತು ನೋಡುತ್ತ ಕುಳಿತಿತು. ಕಗಾಮೆ ನೇತೃತ್ವದ ತುತ್ಸಿ ಬಂಡುಸೇನೆ ಆರ್‌ಪಿಎಫ್ ಹತ್ಯಾಕಾಂಡವನ್ನು ನಿಲ್ಲಿಸಿ ಅಧಿಕಾರ ಹಿಡಿಯಿತು. ಸೋತ ಸೇನೆ, ಕೊಲೆಗಡುಕ ತಂಡಗಳು, ಅವರ ಜೊತೆ ಹೆದರಿದ ಸಾಮಾನ್ಯ ಹುತು ಜನ, ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಮಂದಿ, ಆಗಿನ ಜೈರ್, ಅಂದರೆ ಇಂದಿನ ಕಾಂಗೋಗೆ ದಾಟಿದರು. ಗೋಮಾ ಮತ್ತು ದಕ್ಷಿಣ ಕಿವುವಿನ ರಾಜಧಾನಿ ಬುಕಾವು ಸುತ್ತ ಶಿಬಿರಗಳು ಎದ್ದವು. ಕೊಂದವರೇ ಶಿಬಿರಗಳ ಒಡೆಯರಾದರು. ಅಂತರರಾಷ್ಟ್ರೀಯ ನೆರವಿನ ಅಕ್ಕಿ–ಬೇಳೆಯ ಮೇಲೆ ಮರುಸಂಘಟಿತರಾಗಿ ರುವಾಂಡಾದೊಳಗೆ ದಾಳಿ ಶುರುಮಾಡಿದರು. ಕಿವುವಿನ ತುತ್ಸಿಗಳೂ ಅವರ ಗುರಿಯಾದರು. 1996ರ ಅಕ್ಟೋಬರ್‌ನಲ್ಲಿ ದಕ್ಷಿಣ ಕಿವುವಿನ ಉಪರಾಜ್ಯಪಾಲರೇ ಬನ್ಯಾಮುಲೆಂಗೆಗಳಿಗೆ ವಾರದೊಳಗೆ ಜಾಗ ಖಾಲಿ ಮಾಡುವಂತೆ ಆಜ್ಞಾಪಿಸಿದರು.

ರುವಾಂಡಾ ಆಗ ಸೇನೆ ನುಗ್ಗಿಸಿತು. ಉಗಾಂಡಾ ಜೊತೆಗೂಡಿತು. ಮುಂದಾಳುವಾಗಿ ಲೋರಾಂ ಕಬೀಲಾ ಎಂಬ ಹಳೆಯ ಬಂಡಾಯಗಾರನನ್ನು ಇಟ್ಟುಕೊಂಡು 1997ರ ಮೇ ತಿಂಗಳಲ್ಲಿ ಮೊಬುಟುವನ್ನು ಕೆಳಗಿಳಿಸಿದರು. ಈ ಓಟದ ನಡುವೆ ಹುತು ನಿರಾಶ್ರಿತರ ಸಾಮೂಹಿಕ ಹತ್ಯೆಗಳು ನಡೆದವು. ಮಕ್ಕಳು, ಮುದುಕರೆನ್ನದೆ ಕಾಡಿನಲ್ಲಿ ಬೆನ್ನಟ್ಟಿ ಕೊಂದದ್ದನ್ನು 2010ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ತನಿಖಾ ವರದಿ ದಾಖಲಿಸಿದೆ. ನ್ಯಾಯಾಲಯದಲ್ಲಿ ಸಾಬೀತಾದರೆ ಇವುಗಳಲ್ಲಿ ಕೆಲವು ನರಮೇಧವೆನಿಸಬಹುದು ಎಂದೂ ಅದು ಹೇಳಿದೆ. ಕಿಗಾಲಿ ಈ ವರದಿಯನ್ನು ಖಂಡತುಂಡವಾಗಿ ತಿರಸ್ಕರಿಸಿತು. ವಿಚಾರಣೆ ನಡೆಸುವ ನ್ಯಾಯಾಲಯ ಇವತ್ತಿಗೂ ಹುಟ್ಟಿಲ್ಲ. ರುವಾಂಡಾದ ಸಂತ್ರಸ್ತರಿಗೆ ಸಿಕ್ಕ ನ್ಯಾಯಮಂಡಳಿ ಕಾಂಗೋದ ಸಂತ್ರಸ್ತರಿಗೆ ಸಿಗಲಿಲ್ಲ ಎಂಬ ನೋವು ಕಾಂಗೋ ಜನರಲ್ಲಿ ಆಳವಾಗಿ ಇಳಿದಿದೆ, ಆ ನೋವಿಗೆ ಆಧಾರವೂ ಇದೆ.

1998ರಲ್ಲಿ ಕಬೀಲಾ ತನ್ನನ್ನು ಗದ್ದುಗೆಗೇರಿಸಿದ ರುವಾಂಡನ್ನರನ್ನೇ ಹೊರಹಾಕಿದ. ಎರಡನೇ ಯುದ್ಧ ಶುರುವಾಯಿತು. ಅಂಗೋಲಾ, ಜಿಂಬಾಬ್ವೆ, ನಮೀಬಿಯಾ ಕಬೀಲಾ ಪರ. ರುವಾಂಡಾ, ಉಗಾಂಡಾ, ಬುರುಂಡಿ ವಿರುದ್ಧ. 2003ರಲ್ಲಿ ಅದು ಅಧಿಕೃತವಾಗಿ ಮುಗಿಯಿತು. ಯುದ್ಧದಿಂದಲೂ ಅದು ತಂದ ಹಸಿವು, ರೋಗಗಳಿಂದಲೂ 2007ರವರೆಗೆ 54 ಲಕ್ಷ ಜನ ಸತ್ತರೆಂಬ ಅಂದಾಜೊಂದಿದೆ. ಸಂಖ್ಯೆಯ ಬಗ್ಗೆ ತಜ್ಞರಲ್ಲಿ ತಕರಾರಿದೆ, ದುರಂತದ ಗಾತ್ರದ ಬಗ್ಗೆ ಇಲ್ಲ.

ಎಂ23: ಹುಟ್ಟು, ಸೋಲು, ಮರುಹುಟ್ಟು

ಯುದ್ಧ ಮುಗಿದರೂ ತುತ್ಸಿ ನಾಯಕತ್ವದ ದಂಡುಗಳು ಉಳಿದವು. ಲೋರಾಂ ಎನ್‌ಕುಂಡಾ ಕಟ್ಟಿದ ಸಿಎನ್‌ಡಿಪಿ ಎಂಬ ಗುಂಪು 2009ರ ಮಾರ್ಚ್ 23ರಂದು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಸೇನೆಯಲ್ಲಿ ವಿಲೀನವಾಯಿತು. ರುವಾಂಡಾದ ಶಿಬಿರಗಳಲ್ಲಿರುವ ಕಾಂಗೋ ತುತ್ಸಿ ನಿರಾಶ್ರಿತರು ವಾಪಸಾಗಬೇಕೆಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಒಪ್ಪಂದ ಪಾಲನೆಯಾಗಲಿಲ್ಲ ಎಂದು 2012ರಲ್ಲಿ ಅದೇ ಹೋರಾಟಗಾರರು ಸೇನೆಯಿಂದ ಹೊರಬಿದ್ದರು, ಆ ದಿನಾಂಕವನ್ನೇ ಹೆಸರಾಗಿಟ್ಟುಕೊಂಡರು. 2012ರ ನವೆಂಬರ್‌ನಲ್ಲಿ ಗೋಮಾ ಹಿಡಿದು ಹನ್ನೊಂದು ದಿನಕ್ಕೆ ಬಿಟ್ಟುಕೊಟ್ಟರು. ಮರುವರ್ಷ ವಿಶ್ವಸಂಸ್ಥೆಯ ವಿಶೇಷ ದಳವೂ ಕಾಂಗೋ ಸೇನೆಯೂ ಸೇರಿ ಅವರನ್ನು ಸೋಲಿಸಿದವು.

2021ರ ನವೆಂಬರ್‌ನಲ್ಲಿ ಅವರು ಮತ್ತೆ ತಲೆಯೆತ್ತಿದರು. 2022ರ ಜೂನ್‌ನಲ್ಲಿ ಉಗಾಂಡಾ ಗಡಿಯ ಬುನಗಾನಾ, 2024ರಲ್ಲಿ ರುಬಾಯಾ ಗಣಿಪ್ರದೇಶ, 2025ರ ಜನವರಿ ಕೊನೆಗೆ ಗೋಮಾ, ಫೆಬ್ರುವರಿಯಲ್ಲಿ ಬುಕಾವು ಒಂದೊಂದಾಗಿ ಬಿದ್ದವು. ಈ ಸಲದ ಎಂ23 ಹಿಂದಿನದಲ್ಲ. ಕಾಂಗೋದ ಮಾಜಿ ಚುನಾವಣಾ ಆಯೋಗದ ಮುಖ್ಯಸ್ಥ ಕಾರ್ನೆಲ್ ನಾಂಗಾ 2023ರ ಡಿಸೆಂಬರ್‌ನಲ್ಲಿ ಕಟ್ಟಿದ ಮೈತ್ರಿಕೂಟದ ಭಾಗವಾಗಿ ಅದು ಕಿನ್ಶಾಸಾದ ಅಧಿಕಾರವನ್ನೇ ಪ್ರಶ್ನಿಸುತ್ತಿದೆ. ನಾಂಗಾ ತುತ್ಸಿಯಲ್ಲ. ಹಿಡಿದ ನಗರಗಳಲ್ಲಿ ರಾಜ್ಯಪಾಲರನ್ನು ನೇಮಿಸಿ, ತೆರಿಗೆ ವಸೂಲು ಮಾಡಿ, ಸಮಾನಾಂತರ ಸರ್ಕಾರ ನಡೆಸುತ್ತಿದೆ. ಹನ್ನೊಂದು ದಿನಕ್ಕೆ ಬಿಟ್ಟುಹೋಗುವವರು ಹೀಗೆ ಆಡಳಿತ ಕಟ್ಟುವುದಿಲ್ಲ.

ಎರಡು ರಾಜಧಾನಿಗಳ ವಾದ

ಕಿಗಾಲಿಯ ವಾದ ಇದು: ಎಫ್‌ಡಿಎಲ್‌ಆರ್ 1994ರ ಕೊಲೆಗಡುಕರ ವಾರಸುದಾರ ಸಂಘಟನೆ. ಕಾಂಗೋ ಸೇನೆ ಅದನ್ನು ಹತ್ತಿಕ್ಕುವ ಬದಲು ಎಂ23 ವಿರುದ್ಧ ಜೊತೆಗಿಟ್ಟುಕೊಂಡಿದೆ. ಕಾಂಗೋ ತುತ್ಸಿಗಳ ವಿರುದ್ಧ ದ್ವೇಷದ ಮಾತು, ಹತ್ಯೆ ನಡೆಯುತ್ತಿವೆ. ಗಡಿಯಲ್ಲಿ ಎಚ್ಚರ ವಹಿಸುವುದು ನಮ್ಮ ಹಕ್ಕು. ಎಂ23 ಕಾಂಗೋ ಪ್ರಜೆಗಳ ಚಳವಳಿ, ಅವರ ಜೊತೆ ಅವರ ಸರ್ಕಾರ ಮಾತಾಡಲಿ.

ಕಿನ್ಶಾಸಾದ ಪ್ರಕಾರ ಇದೆಲ್ಲ ನೆಪ. ಎಫ್‌ಡಿಎಲ್‌ಆರ್ ಸಾವಿರದ ಲೆಕ್ಕದ ಸೊರಗಿದ ಗುಂಪು. ಮೂವತ್ತು ವರ್ಷಗಳ ಬಳಿಕ ಅದು ರುವಾಂಡಾ ರಾಜ್ಯಕ್ಕೆ ಗಂಡಾಂತರವೆಂದರೆ ನಂಬಲಾಗದು. ತನಗಿಂತ ತೊಂಬತ್ತು ಪಟ್ಟು ದೊಡ್ಡದಾದ ನೆರೆದೇಶದ ಮೇಲೆ ಹಿಡಿತ ಇಟ್ಟುಕೊಳ್ಳಲು, ಖನಿಜ ಸಾಗಿಸಲು ಕಗಾಮೆ ಬಂಡುಕೋರರನ್ನು ಸಾಕುತ್ತಿದ್ದಾರೆ.

ವಿಶ್ವಸಂಸ್ಥೆಯ ತಜ್ಞರ ತಂಡ ಎರಡೂ ಕಡೆಯ ಸುಳ್ಳನ್ನು ದಾಖಲಿಸಿದೆ. 2024ರ ಜುಲೈನ ವರದಿಯಂತೆ 3,000ದಿಂದ 4,000 ರುವಾಂಡನ್ ಸೈನಿಕರು ಕಾಂಗೋ ನೆಲದಲ್ಲಿದ್ದರು, ಎಂ23ರ ಕಾರ್ಯಾಚರಣೆಗಳು ಅವರ ನಿಯಂತ್ರಣದಲ್ಲಿದ್ದವು. ಕಾಂಗೋ ಸೇನೆ ಎಫ್‌ಡಿಎಲ್‌ಆರ್ ಜೊತೆ ಕೈಜೋಡಿಸಿರುವುದನ್ನೂ ಇದೇ ತಂಡ ಹೇಳಿದೆ. 2025ರ ಫೆಬ್ರುವರಿ 21ರಂದು ಭದ್ರತಾ ಮಂಡಳಿ ಸರ್ವಾನುಮತದ 2773ನೇ ನಿರ್ಣಯದಲ್ಲಿ ರುವಾಂಡಾ ಸೇನೆಯ ಹೆಸರನ್ನೇ ಎತ್ತಿ, ಎಂ23ಗೆ ಬೆಂಬಲ ನಿಲ್ಲಿಸಿ ಹಿಂದೆ ಸರಿಯುವಂತೆ ಹೇಳಿತು.

ಎರಡೂ ಕಡೆ ತಪ್ಪಿದೆ ಎಂದರೆ ಎರಡೂ ತಪ್ಪು ಸಮ ಎಂದಲ್ಲ. ಇನ್ನೊಂದು ದೇಶದೊಳಗೆ ಸಾವಿರಾರು ಸೈನಿಕರನ್ನು ಇಟ್ಟು ಪ್ರಾಂತ್ಯ ರಾಜಧಾನಿಗಳನ್ನು ಹಿಡಿಯಲು ನೆರವಾಗುವುದು ಆಕ್ರಮಣವೇ. ನರಮೇಧದ ನೆನಪು ಎಷ್ಟೇ ನಿಜವಾದರೂ ಅದಕ್ಕೆ ಪರವಾನಗಿಯಾಗದು. ಹಾಗೆಯೇ ರುವಾಂಡಾ ಆಕ್ರಮಣಕಾರಿ ಎಂಬ ಮಾತ್ರಕ್ಕೆ ಕಾಂಗೋ ತುತ್ಸಿಗಳ ಅಳಲು ಕಟ್ಟುಕತೆಯಾಗದು. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳದೆ ಕಿವು ಅರ್ಥವಾಗುವುದಿಲ್ಲ.

ಖನಿಜದ ಪಾಲು ಎಷ್ಟು

ಇಲ್ಲಿ ಮೊದಲು ಒಂದು ತಪ್ಪುಗ್ರಹಿಕೆ ಸರಿಪಡಿಸಬೇಕು. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಕಾಂಗೋದಿಂದಲೇ ಹೆಚ್ಚು ಬರುವುದು ನಿಜ, ಆದರೆ ಅದು ಸಿಗುವುದು ದೂರದ ದಕ್ಷಿಣದ ಕಟಂಗಾ ಸೀಮೆಯಲ್ಲಿ. ಕಿವುವಿನಲ್ಲಿರುವುದು ಕೋಲ್ಟಾನ್, ತವರದ ಅದಿರು, ಟಂಗ್‌ಸ್ಟನ್ ಮತ್ತು ಚಿನ್ನ. ಕೋಲ್ಟಾನ್‌ನಿಂದ ತೆಗೆಯುವ ಟ್ಯಾಂಟಲಂ ಫೋನು, ಕಂಪ್ಯೂಟರುಗಳ ಕೆಪಾಸಿಟರ್‌ಗೆ ಬೇಕು. ಮಸಿಸಿಯ ರುಬಾಯಾ ಒಂದೇ ಕಡೆಯಿಂದ ಜಗತ್ತಿನ ಸುಮಾರು ಶೇ 15ರಷ್ಟು ಕೋಲ್ಟಾನ್ ಬರುತ್ತದೆ. ಅದನ್ನು ಹಿಡಿದ ಮೇಲೆ ಎಂ23 ತೆರಿಗೆಯಿಂದಲೇ ತಿಂಗಳಿಗೆ ಸುಮಾರು ಎಂಟು ಲಕ್ಷ ಡಾಲರ್ ಗಳಿಸುತ್ತಿತ್ತು ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. ಅದಿರು ಕಳ್ಳದಾರಿಯಲ್ಲಿ ರುವಾಂಡಾ ಸೇರಿ ಅಲ್ಲಿನ ಅದಿರಿನೊಂದಿಗೆ ಬೆರೆಯುತ್ತದೆ.

ಖನಿಜ ಯುದ್ಧದ ಇಂಧನವೆನ್ನಲು ಇಷ್ಟು ಸಾಕು. ಮೂಲ ಕಾರಣವೆನ್ನಲು ಸಾಲದು. 1993ರಲ್ಲಿ ಮಸಿಸಿಯಲ್ಲಿ ಜನ ಕೊಂದುಕೊಂಡದ್ದು ಹೊಲ ಮತ್ತು ಮತದ ವಿಷಯಕ್ಕೆ. ಎಂ23ರ ಬುನಗಾನಾ, ಗೋಮಾ ಹಾದಿಯಲ್ಲಿ ದೊಡ್ಡ ಗಣಿಗಳೇನಿರಲಿಲ್ಲ. ವಾಷಿಂಗ್ಟನ್ ಒಪ್ಪಂದವಾದರೋ ಖನಿಜದ ಕಣ್ಣಿನಿಂದಲೇ ಯುದ್ಧವನ್ನು ನೋಡುತ್ತದೆ: ಗಣಿಯಿಂದ ಸಂಸ್ಕರಣೆವರೆಗೆ ಎರಡೂ ದೇಶ ಜೊತೆಯಾಗಿ ಲಾಭ ಪಡೆದರೆ ಕಾದಾಡುವ ಆಸೆ ಇಳಿಯುತ್ತದೆ, ಅಮೆರಿಕದ ಕಂಪನಿಗಳಿಗೆ ಚೀನಾ ಹಿಡಿತದಾಚೆ ಕಚ್ಚಾವಸ್ತು ಸಿಗುತ್ತದೆ ಎಂಬ ಎಣಿಕೆ. ಇದರ ಅಪಾಯವೆಂದರೆ ಈಗ ಕಳ್ಳದಾರಿಯಲ್ಲಿ ನಡೆಯುತ್ತಿರುವುದು ರಾಜಮಾರ್ಗಕ್ಕೆ ಬರಬಹುದು. ಸೇನೆ ಹಿಂದೆಗೆಯದೆಯೇ ವ್ಯಾಪಾರ ಸಕ್ರಮವಾದರೆ ಹಿಂದೆಗೆಯಲು ರುವಾಂಡಾಕ್ಕೆ ಉಳಿಯುವ ಕಾರಣವೇನು?

ರಕ್ಷಣೆಯ ಹೆಸರಿನ ಯುದ್ಧ, ಹೆಚ್ಚುತ್ತಿರುವ ಅಪಾಯ

ಈ ಕಲಹದ ಅತ್ಯಂತ ಕ್ರೂರ ಭಾಗ ಇದು. ಎಂ23 ಒಂದೊಂದು ಊರು ಗೆದ್ದಾಗಲೂ, ಅದರ ಹಿಡಿತದಾಚೆ ಇರುವ ತುತ್ಸಿಗಳ ಮೇಲೆ ಅನುಮಾನ ಹೆಚ್ಚುತ್ತದೆ. ಮೂಗು, ಮೈಕಟ್ಟು, ಮಾತಿನ ಧಾಟಿ ನೋಡಿ ‘ರುವಾಂಡಾದ ಗೂಢಚಾರ’ ಎಂದು ಹಿಡಿದು ಹೊಡೆದ, ಕೊಂದ ಪ್ರಸಂಗಗಳು ನಡೆದಿವೆ. ಸರ್ಕಾರದ ಪರ ಕಾದುವ ‘ವಜಲೆಂದೊ’ ಎಂಬ ಸ್ಥಳೀಯ ತಂಡಗಳಿಗೆ ಆಯುಧವಿದೆ, ಶಿಸ್ತಿಲ್ಲ. ಹೀಗೆ ನಡೆದ ಪ್ರತಿ ದಾಳಿಯನ್ನೂ ಎಂ23 ತನ್ನ ಅಗತ್ಯಕ್ಕೆ ಸಾಕ್ಷಿಯಾಗಿ ತೋರಿಸುತ್ತದೆ. ಭಯ ಬಂಡಾಯಕ್ಕೆ ಆಳು ಕೊಡುತ್ತದೆ, ಬಂಡಾಯ ಮತ್ತಷ್ಟು ಭಯ ಬೆಳೆಸುತ್ತದೆ.

ಬನ್ಯಾಮುಲೆಂಗೆಗಳ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ತುತ್ಸಿಗಳೆಲ್ಲ ಕಿಗಾಲಿಯ ಪರ ಎಂಬ ಮಾತು ಸುಳ್ಳು. 2002ರಲ್ಲಿ ಪ್ಯಾಸಿಫಿಕ್ ಮಸುಂಜು ಎಂಬ ಬನ್ಯಾಮುಲೆಂಗೆ ಅಧಿಕಾರಿ ರುವಾಂಡಾ ಸೇನೆಯ ವಿರುದ್ಧವೇ ಬಂಡೆದ್ದು ಎತ್ತರದ ಸೀಮೆಯಲ್ಲಿ ಕಾದಾಡಿದರು. ಮುಂದೆ ಕಾಂಗೋ ಸೇನೆಯ ಜನರಲ್ ಆದರು. ರುವಾಂಡಾ ತಮ್ಮನ್ನು ದಾಳವಾಗಿ ಬಳಸಿಕೊಳ್ಳುತ್ತಿದೆ ಎಂಬ ಸಿಟ್ಟು ಆ ಸಮುದಾಯದಲ್ಲಿ ಬಹುಕಾಲ ಇತ್ತು. ಆದರೆ ಮಿನೆಂಬ್ವೆ ಸೀಮೆಯಲ್ಲಿ ವರ್ಷಗಟ್ಟಲೆ ಹಳ್ಳಿಗಳು ಉರಿದವು, ದನದ ಹಿಂಡುಗಳು ಲೂಟಿಯಾದವು, ಸರ್ಕಾರ ರಕ್ಷಣೆಗೆ ಬರಲಿಲ್ಲ. ಊರುಕಾವಲಿಗೆ ಅವರು ಕಟ್ಟಿಕೊಂಡ ತ್ವಿರ್ವಾನೆಹೊ ತಂಡದ ನಾಯಕ 2025ರ ಫೆಬ್ರುವರಿಯಲ್ಲಿ ಡ್ರೋನ್ ದಾಳಿಗೆ ಬಲಿಯಾದ ಬಳಿಕ ಅದು ಬಹಿರಂಗವಾಗಿ ಎಂ23 ಜೊತೆ ಸೇರಿತು. ಕಿನ್ಶಾಸಾ ತನ್ನ ಪ್ರಜೆಗಳನ್ನು ತಾನೇ ಎದುರಾಳಿಯ ಪಾಳಯಕ್ಕೆ ತಳ್ಳಿತು.

ಇನ್ನೊಂದು ಬದಿ ಹುತು ರೈತರಿದ್ದಾರೆ. 2025ರ ಜುಲೈ ತಿಂಗಳಲ್ಲಿ, ದೋಹಾದಲ್ಲಿ ತತ್ತ್ವಗಳ ಘೋಷಣೆಗೆ ಸಹಿ ಬೀಳುತ್ತಿದ್ದ ದಿನಗಳಲ್ಲೇ, ರುತ್ಶುರು ಸೀಮೆಯಲ್ಲಿ ಎಂ23 ಕನಿಷ್ಠ 319 ನಾಗರಿಕರನ್ನು ಕೊಂದಿತೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಹೇಳಿದರು. ಅನೇಕರು ಹೊಲದಲ್ಲಿ ಬೀಡುಬಿಟ್ಟಿದ್ದ ಬೇಸಾಯಗಾರರು. ಎಂ23 ಇದನ್ನು ಅಲ್ಲಗಳೆಯುತ್ತದೆ. ಒಂದು ಜನಾಂಗದ ರಕ್ಷಣೆಗೆಂದು ಹೊರಟವರು ಇನ್ನೊಂದು ಜನಾಂಗದ ಹೊಲ ಖಾಲಿ ಮಾಡಿಸುತ್ತಿದ್ದಾರೆ ಎಂಬ ಆರೋಪ ಇದರ ಬೆನ್ನಿಗೇ ಬಂದಿದೆ. ಯಾರದೋ ವಾಪಸಾತಿಗೆ ಇನ್ಯಾರದೋ ನೆಲ ತೆರವಾದರೆ ಮುಂದಿನ ಯುದ್ಧದ ಬೀಜ ಅಲ್ಲೇ ಬಿದ್ದಂತೆ.

2012ರಲ್ಲಿ ಫಲಿಸಿದ ಒತ್ತಡ ಈಗ ಏಕೆ ಫಲಿಸುತ್ತಿಲ್ಲ

2012ರಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳು ನೆರವು ಕಡಿತ ಮಾಡಿದ ಬಳಿಕ ಎಂ23ರ ಉಸಿರು ಕಟ್ಟಿತು. ಆಗ ರುವಾಂಡಾದ ಬೊಕ್ಕಸ ವಿದೇಶಿ ನೆರವಿನ ಮೇಲೆ ಇಂದಿಗಿಂತ ಹೆಚ್ಚು ನಿಂತಿತ್ತು. ಆ ಪಾಠ ಕಲಿತ ಕಗಾಮೆ ನಡುವಿನ ವರ್ಷಗಳಲ್ಲಿ ತಮ್ಮ ದೇಶವನ್ನು ಬಹುಮಂದಿಗೆ ಬೇಕಾದ ದೇಶವನ್ನಾಗಿ ಮಾಡಿದರು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಅತಿ ಹೆಚ್ಚು ಸೈನಿಕರನ್ನು ಕಳುಹಿಸುವ ದೇಶಗಳಲ್ಲಿ ರುವಾಂಡಾ ಒಂದು. ಮೊಜಾಂಬಿಕ್‌ನ ಕಾಬೊ ಡೆಲ್ಗಾಡೊದಲ್ಲಿ ಫ್ರೆಂಚ್ ಕಂಪನಿಯ ಅನಿಲ ಯೋಜನೆ ಇರುವ ಸೀಮೆಯನ್ನು ಕಾಯುತ್ತಿರುವುದು ಅದರ ಸೇನೆ, ಅದಕ್ಕೆ ಐರೋಪ್ಯ ಒಕ್ಕೂಟದ ಹಣ ಸಿಕ್ಕಿದೆ. ಅದೇ ಒಕ್ಕೂಟ 2024ರ ಫೆಬ್ರುವರಿಯಲ್ಲಿ ರುವಾಂಡಾ ಜೊತೆ ಖನಿಜ ಒಡಂಬಡಿಕೆ ಮಾಡಿಕೊಂಡಿತು. ಎಂ23 ಆಗಲೇ ಗೋಮಾದ ಬಾಗಿಲಲ್ಲಿತ್ತು.

2025ರಲ್ಲಿ ನಿರ್ಬಂಧಗಳೇನೋ ಬಂದವು. ಅಮೆರಿಕವು ರುವಾಂಡಾದ ಸಚಿವ ಜೇಮ್ಸ್ ಕಬರೆಬೆ ಮೇಲೆ, ಐರೋಪ್ಯ ಒಕ್ಕೂಟ ಕೆಲವು ಸೇನಾಧಿಕಾರಿಗಳ ಮೇಲೆ ನಿರ್ಬಂಧ ಹೇರಿದವು. ರುವಾಂಡಾ ಮಣಿಯುವ ಬದಲು ಬೆಲ್ಜಿಯಂ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಉವಿರಾ ಬಿದ್ದ ಮೇಲೆ ಅಮೆರಿಕ ಭದ್ರತಾ ಮಂಡಳಿಯಲ್ಲಿ ಕಟುವಾಗಿ ಮಾತಾಡಿದಾಗ ಮಾತ್ರ ಎಂ23 ಅಲ್ಲಿಂದ ಹಿಂದೆ ಸರಿಯುವುದಾಗಿ ಘೋಷಿಸಿತು. ಒತ್ತಡ ಕೆಲಸ ಮಾಡುತ್ತದೆ ಎಂಬುದಕ್ಕೆ ಇದು ಪುರಾವೆ. ಅದೇ ಒತ್ತಡ ಗೋಮಾ, ಬುಕಾವು ವಿಷಯದಲ್ಲಿ ಬಂದಿಲ್ಲ ಎಂಬುದಕ್ಕೂ ಪುರಾವೆ.

ಉವಿರಾ ಮೇಲೆ ಇಷ್ಟು ಆತಂಕ ಹುಟ್ಟಲು ಕಾರಣವಿದೆ. ಬುಕಾವು ಬಿದ್ದ ಮೇಲೆ ದಕ್ಷಿಣ ಕಿವು ಆಡಳಿತ ನಡೆಯುತ್ತಿದ್ದದ್ದು ಅಲ್ಲಿಂದ. ಅದನ್ನು ದಾಟಿದರೆ ಸರೋವರದ ದಂಡೆಗುಂಟ ಕಟಂಗಾದ ತಾಮ್ರ–ಕೋಬಾಲ್ಟ್ ಸೀಮೆಯತ್ತ ದಾರಿ ತೆರೆಯುತ್ತದೆ. ಎದುರಿಗೆ ಬುರುಂಡಿಯ ಬುಜುಂಬುರಾ. ಬುರುಂಡಿ ಸರ್ಕಾರ ಹುತು ಬಹುಸಂಖ್ಯಾತರದ್ದು, ಕಾಂಗೋ ಪರ ಸಾವಿರಾರು ಸೈನಿಕರನ್ನು ಕಳಿಸಿದೆ, 2024ರ ಜನವರಿಯಲ್ಲಿ ರುವಾಂಡಾ ಗಡಿಯನ್ನೇ ಮುಚ್ಚಿದೆ. ಅಲ್ಲಿ ಕಿಡಿ ಹೊತ್ತಿದರೆ ರುವಾಂಡಾ ಮತ್ತು ಬುರುಂಡಿಯ ನಡುವೆ ನೇರ ಯುದ್ಧವಾಗುತ್ತದೆ. ಉಗಾಂಡಾ ಎರಡೂ ಕಡೆ ಕಾಲಿಟ್ಟಿದೆ: ಉತ್ತರದಲ್ಲಿ ಅದರ ಸೇನೆ ಕಾಂಗೋ ಸೇನೆಯ ಜೊತೆಗೂಡಿ ಬೇರೊಂದು ಬಂಡುಕೋರ ಗುಂಪಿನ ವಿರುದ್ಧ ಕಾದುತ್ತಿದೆ, ಎಂ23ಗೂ ನೆರವಾಗಿದೆ ಎಂದು ವಿಶ್ವಸಂಸ್ಥೆಯ ತಜ್ಞರು ಹೇಳಿದ್ದಾರೆ, ಉಗಾಂಡಾ ಒಪ್ಪುವುದಿಲ್ಲ.

ಮುಂದೇನಾಗಬಹುದು

ಸದ್ಯಕ್ಕೆ ಹೆಚ್ಚು ಸಂಭವವಿರುವುದು ಯುದ್ಧವೂ ಅಲ್ಲದ, ಶಾಂತಿಯೂ ಅಲ್ಲದ ವಿಭಜನೆ. ಕಾಂಗೋ ನಕ್ಷೆಯಲ್ಲಿ ಅಖಂಡವಾಗಿರುತ್ತದೆ, ಗೋಮಾ–ಬುಕಾವು ಸೀಮೆ ಬೇರೆ ಆಡಳಿತದಲ್ಲಿ ನಡೆಯುತ್ತದೆ. ಎಂ23ಗೆ ಇದು ಸಾಕು. ರುವಾಂಡಾಕ್ಕೆ ಗಡಿಯುದ್ದಕ್ಕೂ ತನ್ನ ಮಾತು ನಡೆಯುವ ಪಟ್ಟಿಯೊಂದು ಸಿಗುತ್ತದೆ. ಚಿಸೆಕೆಡಿಗೆ ಇದು ನುಂಗಲಾರದ ತುತ್ತು. ಎಂ23ಗೆ ಅಧಿಕಾರ ಹಂಚಿದರೆ ದೇಶದ್ರೋಹದ ಪಟ್ಟ ತಪ್ಪದು, ಹಂಚದಿದ್ದರೆ ಕಳೆದುಕೊಂಡ ನಗರಗಳು ಬಾರವು. ಲೋರಾಂ ಕಬೀಲಾರ ಮಗ, ಮಾಜಿ ಅಧ್ಯಕ್ಷ ಜೋಸೆಫ್ ಕಬೀಲಾಗೆ 2025ರ ಸೆಪ್ಟೆಂಬರ್‌ನಲ್ಲಿ ಸೇನಾ ನ್ಯಾಯಾಲಯ ಎಂ23ಗೆ ನೆರವಾದ ದೇಶದ್ರೋಹದ ಆರೋಪದಡಿ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದ ಮೇಲೆ ಕಿನ್ಶಾಸಾದಲ್ಲಿ ರಾಜಿಯ ಮಾತಾಡುವ ಧೈರ್ಯ ಇನ್ನೂ ಕುಗ್ಗಿದೆ.

ಇದರ ಬೆಲೆ ತೆರುವವರು ಕಿವುವಿನ ಜನ. 2025ರ ಜನವರಿಯಿಂದ ಗೋಮಾ ವಿಮಾನ ನಿಲ್ದಾಣ ನಾಗರಿಕ ಸಂಚಾರಕ್ಕೆ ಮುಚ್ಚಿದೆ, ಔಷಧ ಸಾಗಣೆ ಕಷ್ಟವಾಗಿದೆ, ಬ್ಯಾಂಕುಗಳು ಬಾಗಿಲು ಹಾಕಿದ್ದರಿಂದ ಸಂಬಳ, ವ್ಯಾಪಾರ ಎರಡೂ ತತ್ತರಿಸಿವೆ. ಗೋಮಾ ಸುತ್ತಲಿನ ನಿರಾಶ್ರಿತರ ಶಿಬಿರಗಳನ್ನು ಎಂ23 ತೆರವು ಮಾಡಿಸಿದೆ. ಅಲ್ಲಿದ್ದ ಲಕ್ಷಾಂತರ ಜನ ಸುಟ್ಟುಹೋದ ಹಳ್ಳಿಗಳಿಗೆ ಮರಳಬೇಕಾಯಿತು. ವಿಶ್ವಸಂಸ್ಥೆಯ ಶಾಂತಿಪಡೆ ದಕ್ಷಿಣ ಕಿವುವನ್ನು 2024ರಲ್ಲೇ ಬಿಟ್ಟಿತು. ಭಾರತೀಯ ಯೋಧರೂ ವರ್ಷಗಳಿಂದ ಇರುವ ಆ ಪಡೆಗೆ ಉತ್ತರ ಕಿವುವಿನಲ್ಲಿ ಈಗ ಎಂ23 ಅನುಮತಿಯಿಲ್ಲದೆ ಓಡಾಡುವುದೇ ಕಷ್ಟ.

ಒಪ್ಪಂದ ನಿಜಕ್ಕೂ ಜೀವ ತಳೆಯುತ್ತಿದೆಯೇ ಎಂದು ತಿಳಿಯಲು ವಾಷಿಂಗ್ಟನ್‌ನ ಹೇಳಿಕೆಗಳಿಗಿಂತ ಕೆಲವು ಸಣ್ಣ ಸಂಗತಿಗಳನ್ನು ನೋಡುವುದು ಒಳಿತು. ರುವಾಂಡಾ ಸೇನೆ ಹಿಂದೆಗೆತವನ್ನು ‘ಎಫ್‌ಡಿಎಲ್‌ಆರ್ ಮೊದಲು’ ಎಂಬ ಷರತ್ತಿನಿಂದ ಬಿಡಿಸಿ, ಎರಡನ್ನೂ ಒಂದೇ ವೇಳಾಪಟ್ಟಿಯಲ್ಲಿ, ಹೊರಗಿನ ಸಾಕ್ಷಿಗಳ ಕಣ್ಣೆದುರು ನಡೆಸಲು ಒಪ್ಪಿಗೆಯಾಯಿತೇ? ಕಾಂಗೋ ಸೇನೆ ಎಫ್‌ಡಿಎಲ್‌ಆರ್ ಸಂಪರ್ಕ ಕಡಿದು, ವಜಲೆಂದೊ ತಂಡಗಳ ಅಪರಾಧಗಳಿಗೆ ಒಬ್ಬರನ್ನಾದರೂ ಕಟಕಟೆಗೆ ತಂದಿತೇ? ದೋಹಾದ ಬಾಕಿ ಉಪ ಒಪ್ಪಂದಗಳಲ್ಲಿ ನಿರಾಶ್ರಿತರ ವಾಪಸಾತಿಯದ್ದೂ ಒಂದು. ರುವಾಂಡಾದ ಕಿಜಿಬಾ ಶಿಬಿರದಲ್ಲಿ 1996ರಿಂದ ಕಾಂಗೋ ತುತ್ಸಿಗಳಿದ್ದಾರೆ. ಅಲ್ಲೇ ಹುಟ್ಟಿ ದೊಡ್ಡವರಾದವರಿದ್ದಾರೆ. ಅವರು ಯಾವ ಹಳ್ಳಿಯವರು, ಅವರ ಹೊಲದಲ್ಲಿ ಇಂದು ಯಾರು ಬಿತ್ತುತ್ತಿದ್ದಾರೆ, ಆ ಬಿತ್ತುವವರಿಗೆ ಬದಲಿ ಏನು ಎಂದು ಪಟ್ಟಿ ಮಾಡುವ ಜಂಟಿ ಸಮಿತಿ ಕೆಲಸ ಶುರುಮಾಡಿದರೆ, ಮೊದಲ ಸಲ ಮಾತುಕತೆ ಜಗಳದ ಬುಡಕ್ಕೆ ಇಳಿದಂತೆ. 2009ರ ಒಪ್ಪಂದ ಮುರಿದುಬಿದ್ದದ್ದರ ಹಿಂದೆ ಬಗೆಹರಿಯದೆ ಉಳಿದ ಈ ಪ್ರಶ್ನೆಯೂ ಇತ್ತು.